ಲಾಭ ಎಣಿಸಿದ ಮೇಲಿನ ಹೊಣೆ: ಸಿಎಸ್‌ಆರ್ ಮತ್ತು ಸುಸ್ಥಿರ ಅಭಿವೃದ್ಧಿ ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಕಂಪನಿಗಳ ಕಾಯಿದೆ, ೨೦೧೩ರ ೧೩೫ನೆಯ ಪ್ರಕರಣವು ೨೦೧೪ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಅಂದಿನಿಂದ ‘ಸಿಎಸ್‌ಆರ್’ ಎಂಬ ಹೆಸರು ಹಳ್ಳಿಯ ಶಾಲೆಯ ಗೋಡೆಯ ಮೇಲೆ, ಕುಡಿಯುವ ನೀರಿನ ಘಟಕದ ಫಲಕದ ಮೇಲೆ, ನಮ್ಮ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳ ಯೋಜನಾ ಪತ್ರಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಅದರ ಜೊತೆಯಲ್ಲೇ ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತೂ ಬರುತ್ತದೆ. ಮೊದಲನೆಯದು ಸಾಧನ, ಎರಡನೆಯದು ಅದರ ಫಲ ಎಂಬಂತೆ ಇವೆರಡನ್ನೂ ಕೂಡಿಸಿ ಹೇಳುವುದು ಈಗ ರೂಢಿಯಾಗಿದೆ. ಈ ರೂಢಿಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಮಂಡಿಸುವ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾನೂನು ಸಿಎಸ್‌ಆರ್ ಎಂದು ಕರೆಯುವ ಹೊಣೆ ಆರಂಭವಾಗುವುದು ಲಾಭದ ಲೆಕ್ಕ ಮುಗಿದ ಮೇಲೆ. ಸುಸ್ಥಿರ ಅಭಿವೃದ್ಧಿಯಾದರೋ ನಿರ್ಧಾರವಾಗುವುದು ಆ ಲೆಕ್ಕ ಮುಗಿಯುವ ಮೊದಲು: ನೀರನ್ನು ಎಲ್ಲಿಂದ ಎತ್ತಲಾಯಿತು, ಕಚ್ಚಾ ವಸ್ತು ಕೊಟ್ಟವನಿಗೆ ಯಾವಾಗ ಹಣ ಸಂದಿತು, ಕೊಳಕು ಎಲ್ಲಿಗೆ ಹರಿಯಿತು ಎಂಬ ಪ್ರಶ್ನೆಗಳಲ್ಲಿ. ಆದ್ದರಿಂದ ಮೊದಲನೆಯದು ಎರಡನೆಯದಕ್ಕೆ ನೆರವಾಗಬಹುದೇ ಹೊರತು ಅದರ ಸ್ಥಾನದಲ್ಲಿ ನಿಲ್ಲಲಾರದು. ಈ ಭೇದವನ್ನು ನಮ್ಮ ಗುರುವರ್ಗವು ಗುರುತಿಸದಿದ್ದರೆ, ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂದು ಆಶೀರ್ವದಿಸುವ ಅಪಾಯವಿದೆ.

ಕಾನೂನು ಹೇಳುವುದೇನು?

ಟೀಕೆಗೆ ಮುನ್ನ ಕಾನೂನನ್ನು ನ್ಯಾಯವಾಗಿ ಓದಬೇಕು. ಹಿಂದಿನ ಹಣಕಾಸು ವರ್ಷದಲ್ಲಿ ೫೦೦ ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ ೧,೦೦೦ ಕೋಟಿ ರೂಪಾಯಿ ವಹಿವಾಟು, ಅಥವಾ ೫ ಕೋಟಿ ರೂಪಾಯಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. ೨ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವ್ಯಯಿಸಬೇಕು. ಹಸಿವು ಮತ್ತು ಬಡತನದ ನಿವಾರಣೆ, ಆರೋಗ್ಯ, ಶಿಕ್ಷಣ, ಲಿಂಗ ಸಮಾನತೆ, ಪರಿಸರ ರಕ್ಷಣೆ, ಗ್ರಾಮೀಣಾಭಿವೃದ್ಧಿ ಮೊದಲಾದ ಬಾಬುಗಳನ್ನು ಏಳನೆಯ ಅನುಸೂಚಿ ಪಟ್ಟಿಮಾಡುತ್ತದೆ. ಆರಂಭದಲ್ಲಿ, ಖರ್ಚುಮಾಡದ ಕಂಪನಿ ಕಾರಣ ತಿಳಿಸಿದರೆ ಸಾಕಿತ್ತು. ೨೦೨೧ರ ಜನವರಿ ೨೨ರಿಂದ ಖರ್ಚಾಗದೆ ಉಳಿದ ಹಣವನ್ನು ನಿಗದಿತ ಖಾತೆಗೆ ಅಥವಾ ನಿಧಿಗೆ ವರ್ಗಾಯಿಸುವುದು ಕಡ್ಡಾಯವಾಯಿತು. ತಪ್ಪಿದರೆ ದಂಡವೂ ಇದೆ.

ಇದರಲ್ಲಿ ಮೆಚ್ಚತಕ್ಕ ಅಂಶವಿದೆ. ಕಂಪನಿಯು ಷೇರುದಾರರಿಗೆ ಮಾತ್ರವಲ್ಲದೆ ನೆಲೆಸಿದ ಸಮಾಜಕ್ಕೂ ಋಣಿ ಎಂಬುದನ್ನು ಶಾಸನವೊಂದು ಒಪ್ಪಿಕೊಂಡಿದೆ. ಈ ಹಣದಿಂದ ಶಾಲೆಗಳಿಗೆ ಕೊಠಡಿಗಳು, ಶೌಚಾಲಯಗಳು, ಆಸ್ಪತ್ರೆಗಳಿಗೆ ಯಂತ್ರಗಳು ಬಂದಿವೆ. ಅವುಗಳಿಂದ ಉಪಕೃತರಾದವರ ಮುಂದೆ ಈ ಯೋಜನೆಯನ್ನು ಹಗುರವಾಗಿ ಅಲ್ಲಗಳೆಯುವುದು ಸಲ್ಲದು.

ಆದರೂ ಕಾನೂನಿನ ರಚನೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹೊಣೆಯ ಅಳತೆಗೋಲು ಲಾಭ. ಸರಾಸರಿ ಲಾಭವೇ ಇಲ್ಲದ ಕಡೆ ಶೇ. ೨ ಎಂದರೆ ಸೊನ್ನೆ. ಎರಡನೆಯದಾಗಿ, ಕಂಪನಿಯ ಸಾಮಾನ್ಯ ವ್ಯವಹಾರದ ಭಾಗವಾಗಿ ನಡೆಯುವ ಚಟುವಟಿಕೆಗಳನ್ನು ನಿಯಮಗಳು ಸಿಎಸ್‌ಆರ್‌ನಿಂದ ಹೊರಗಿಡುತ್ತವೆ. ಕಂಪನಿ ತನ್ನ ವ್ಯವಹಾರದ ಖರ್ಚನ್ನೇ ಸೇವೆಯೆಂದು ತೋರಿಸಬಾರದೆಂಬುದು ಇದರ ಸದುದ್ದೇಶ. ಆದರೆ ಅದರ ಪರಿಣಾಮವಾಗಿ ‘ಹೊಣೆ’ ಎಂಬುದು ವ್ಯವಹಾರದ ಹೊರಗೆ ನಡೆಯುವ ಕೆಲಸ ಎಂಬ ಭಾವನೆ ಬೇರೂರುತ್ತದೆ. ಮೂರನೆಯದಾಗಿ, ಬಹುವರ್ಷದ ಯೋಜನೆಯೊಂದಕ್ಕೆ ನಿಯಮಗಳು ಕೊಡುವ ಗರಿಷ್ಠ ಅವಧಿ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷ. ಸುಸ್ಥಿರತೆಯ ಕಲ್ಪನೆಯಾದರೋ ತಲೆಮಾರುಗಳನ್ನು ಕುರಿತದ್ದು. ಇಂದಿನವರ ಅಗತ್ಯ ಪೂರೈಕೆಯು ಮುಂದಿನವರ ಅಗತ್ಯಕ್ಕೆ ಕುತ್ತಾಗಬಾರದೆಂಬುದು ೧೯೮೭ರ ಬ್ರಂಟ್‌ಲಂಡ್ ವರದಿಯ ತಿರುಳು. ಮಣ್ಣು ಕೆಡಲು ಹಿಡಿಯುವ ಕಾಲ ಒಂದು, ಯೋಜನೆ ಮುಗಿಯುವ ಕಾಲ ಇನ್ನೊಂದು.

ಮಂಡ್ಯದ ನಿದರ್ಶನ

ಈ ಮಾತುಗಳು ಕೇವಲ ತರ್ಕವಾಗಿ ಉಳಿಯಬಾರದೆಂದರೆ ಅವನ್ನು ಒಂದು ನೆಲದ ಮೇಲೆ ನಿಲ್ಲಿಸಿ ನೋಡಬೇಕು. ಅದಕ್ಕೆ ಮಂಡ್ಯಕ್ಕಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ವಿರಳ. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ, ಅದರಿಂದ ಹೊರಟ ಅಂದಿನ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮತ್ತು ಆ ನೀರನ್ನು ನಂಬಿ ೧೯೩೩ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ, ಈ ಮೂರೂ ಒಂದೇ ಚಿಂತನೆಯ ಫಲಗಳು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ ಕಾರ್ಖಾನೆ ತಲೆಯೆತ್ತಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ ಅದರ ಆರ್ಥಿಕ ಹೃದಯ ಆ ಕಾರ್ಖಾನೆಯೇ ಆಗಿತ್ತು. ‘ಮೈಷುಗರ್’ ಎಂಬ ಹೆಸರು ಇಂದಿಗೂ ಅಲ್ಲಿಯ ಜನರಿಗೆ ಒಂದು ಕಂಪನಿಯ ಹೆಸರಷ್ಟೇ ಅಲ್ಲ.

ಸಿಎಸ್‌ಆರ್ ಎಂಬ ಪದ ಹುಟ್ಟುವ ಎಷ್ಟೋ ಮುನ್ನ ಈ ಕಂಪನಿಯ ಸಾಮಾಜಿಕ ಹೊಣೆ ಅದರ ಹುಟ್ಟಿನಲ್ಲಿಯೇ ಅಡಗಿತ್ತು. ನಾಲೆಯ ನೀರು ಬಂದ ರೈತನಿಗೆ ಖಚಿತವಾದ ಮಾರುಕಟ್ಟೆ ಒದಗಿಸುವುದು ಅದರ ಪಕ್ಕದ ಕೆಲಸವಾಗಿರದೆ ಅದರ ವ್ಯವಹಾರವೇ ಆಗಿತ್ತು. ಅದೇ ಕಂಪನಿ ಮುಂದೆ ನಷ್ಟಕ್ಕೆ ಸಿಲುಕಿ, ವರ್ಷಗಟ್ಟಲೆ ನಿಂತು, ೨೦೨೨ರಲ್ಲಿ ಸರ್ಕಾರದ ನೆರವಿನಿಂದ ಮತ್ತೆ ಕಬ್ಬು ಅರೆಯಲಾರಂಭಿಸಿತು. ಈಗ ೧೩೫ನೆಯ ಪ್ರಕರಣದ ಅಳತೆಗೋಲನ್ನು ಇಂಥ ಕಂಪನಿಗೆ ಹಚ್ಚಿ ನೋಡೋಣ. ನಷ್ಟದ ವರ್ಷಗಳಲ್ಲಿ ಅದರ ಸಿಎಸ್‌ಆರ್ ಹೊಣೆ ಸೊನ್ನೆ. ಆದರೆ ಅದೇ ವರ್ಷಗಳಲ್ಲಿ ಕಬ್ಬು ಬೆಳೆದು ಅರೆಯುವವರಿಲ್ಲದೆ ನಿಂತ ಕುಟುಂಬಗಳ ಪಾಲಿಗೆ ಅದರ ಹೊಣೆ ಅತ್ಯಂತ ಭಾರವಾಗಿತ್ತು. ಶಾಸನದ ಪ್ರಕಾರ ಹೊಣೆ ಇಲ್ಲವಾಗುವ ಘಳಿಗೆಯೇ ಬದುಕಿನ ಪ್ರಕಾರ ಹೊಣೆ ಹೆಚ್ಚಾಗುವ ಘಳಿಗೆ. ಈ ವೈರುಧ್ಯವನ್ನು ಕಾಣಲಾಗದ ‘ಹೊಣೆ’ಯ ಕಲ್ಪನೆ ಅಪೂರ್ಣವೆಂದು ಬೇರೆ ಹೇಳಬೇಕಾಗಿಲ್ಲ.

ಕಬ್ಬಿನ ವಿಷಯದಲ್ಲಿ ಇನ್ನೊಂದು, ಹಳೆಯ ಕಾನೂನಿದೆ. ೧೯೬೬ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಪೂರೈಸಿದ ೧೪ ದಿನಗಳೊಳಗೆ ಕಾರ್ಖಾನೆಯು ಹಣ ಪಾವತಿಸಬೇಕು. ತಡವಾದರೆ ವರ್ಷಕ್ಕೆ ಶೇ. ೧೫ರ ಬಡ್ಡಿ ಸೇರಿಸಬೇಕು. ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಯುತ ಮತ್ತು ಲಾಭದಾಯಕ ದರವು ೨೦೨೫-೨೬ರ ಹಂಗಾಮಿಗೆ ಶೇ. ೧೦.೨೫ರ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ ೩೫೫ ರೂಪಾಯಿ. ಈ ಆದೇಶ ಸಿಎಸ್‌ಆರ್ ವರದಿಗಳಲ್ಲಿ ಕಾಣುವಂಥದ್ದಲ್ಲ. ಆದರೆ ದುದ್ದದಂತಹ ಹೋಬಳಿ ಕೇಂದ್ರದಲ್ಲಿ ಕುಟುಂಬದ ವರ್ಷವನ್ನು ನಿರ್ಧರಿಸುವುದು ಇದೇ. ಕಬ್ಬು ವರ್ಷಕ್ಕೊಮ್ಮೆ ಕೈಗೆ ಬರುವ ಬೆಳೆ. ಅದರ ಹಣ ತಿಂಗಳುಗಟ್ಟಲೆ ತಡವಾದರೆ ಮಗಳ ಕಾಲೇಜಿನ ಶುಲ್ಕ, ಗೊಬ್ಬರದಂಗಡಿಯ ಬಾಕಿ, ಸಹಕಾರ ಸಂಘದ ಸಾಲ ಎಲ್ಲವೂ ಒಂದರ ಮೇಲೊಂದು ಬಿದ್ದು ಖಾಸಗಿ ಸಾಲಗಾರನ ಬಾಗಿಲಿಗೆ ಒಯ್ಯುತ್ತವೆ. ೨೦೧೫ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ಕಲಕಿದವು. ಅವುಗಳ ಕಾರಣ ಒಂದೇ ಆಗಿರಲಿಲ್ಲ. ಆದರೆ ಬಾಕಿ ಹಣ, ಕುಸಿದ ಬೆಲೆ ಮತ್ತು ಸಾಲ ಆ ಕಾರಣಗಳ ನಡುವೆ ಇದ್ದವು. ಇಂಥ ಊರಿನ ಶಾಲೆಗೆ ಕಂಪನಿಯೊಂದು ಬೆಂಚು ಕೊಡುವುದು ಒಳ್ಳೆಯದೇ. ಆದರೆ ಬೆಂಚಿನ ಮೇಲೆ ಕೂರಬೇಕಾದ ಮಗುವನ್ನು ಶಾಲೆಯಿಂದ ಬಿಡಿಸದೆ ಉಳಿಸುವುದು ಅಪ್ಪನ ಕೈಗೆ ಸಕಾಲದಲ್ಲಿ ಸೇರಿದ ಕಬ್ಬಿನ ಹಣ.

ಮಣ್ಣು ಮತ್ತು ನೀರಿನ ಪ್ರಶ್ನೆಯೂ ಇದೇ ಬಗೆಯದು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ನಿಂತು ಜೌಗಾದ, ಉಪ್ಪುಗಟ್ಟಿದ ಭೂಮಿಯ ಸಮಸ್ಯೆ ಹಳೆಯದು. ಕಬ್ಬಿನ ಮೇಲೆ ಕಬ್ಬು, ಅದರ ಮೇಲೆ ಕೂಳೆ ಬೆಳೆ ಎಂದು ನಡೆಯುವ ಕ್ರಮದಲ್ಲಿ ಭೂಮಿಗೆ ಬಿಡುವೆಂಬುದಿಲ್ಲ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ಏಳನೆಯ ವರ್ಷದಲ್ಲಿ ನೆಲಕ್ಕೂ ಒಂದು ಸಬ್ಬತ್ತನ್ನು ವಿಧಿಸುತ್ತದೆ. ನೆಲ ದೇವರದು, ನಾವು ಅಲ್ಲಿ ಒಕ್ಕಲು ಎಂಬ ನಂಬಿಕೆಯೇ ಅದರ ಆಧಾರ. ಇಲ್ಲಿ ಹೊಣೆ ಕಾರ್ಖಾನೆಯದು ಮಾತ್ರವಲ್ಲ, ನೀರುಣಿಸುವ ರೈತನದೂ ನೀರು ಬಿಡುವ ಸರ್ಕಾರದ್ದೂ ಹೌದು. ಆದರೆ ಯಾವ ಬೆಳೆಗೆ ಮಾರುಕಟ್ಟೆ ಇದೆಯೆಂಬುದನ್ನು ಯಾರು ತೀರ್ಮಾನಿಸುತ್ತಾರೋ ಅವರು ನೆಲದ ಭವಿಷ್ಯವನ್ನೂ ಬಹುಮಟ್ಟಿಗೆ ತೀರ್ಮಾನಿಸುತ್ತಾರೆ.

‘ಸ್ಥಳೀಯ ಪ್ರದೇಶ’ ಎಂದರೆ ಯಾವುದು?

ಕಂಪನಿಯು ತಾನು ಕಾರ್ಯನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ೧೩೫ನೆಯ ಪ್ರಕರಣವೇ ಹೇಳುತ್ತದೆ. ಇದು ಕಟ್ಟುನಿಟ್ಟಿನ ವಿಧಿಯಲ್ಲವೆಂದು ಸಚಿವಾಲಯ ಸ್ಪಷ್ಟಪಡಿಸಿದೆಯಾದರೂ, ಕಚೇರಿ ಮತ್ತು ಕಾರ್ಖಾನೆಯ ಸುತ್ತಮುತ್ತಲೇ ‘ಸ್ಥಳೀಯ’ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಹಾಗಾದರೆ ದುದ್ದ ಯಾವ ಕಂಪನಿಗೆ ಸ್ಥಳೀಯ? ಮಳವಳ್ಳಿ ಯಾವ ಕಂಪನಿಗೆ ಸ್ಥಳೀಯ?

ಬೆಂಗಳೂರಿಗೆ ಹೋಗುವ ಕಾವೇರಿ ನೀರನ್ನು ಎತ್ತಿ ಶುದ್ಧೀಕರಿಸುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ದಿನಕ್ಕೆ ೭೭.೫ ಕೋಟಿ ಲೀಟರ್ ಸಾಮರ್ಥ್ಯದ ಐದನೆಯ ಹಂತ ಅಲ್ಲಿ ೨೦೨೪ರ ಅಕ್ಟೋಬರ್ ೧೬ರಂದು ಉದ್ಘಾಟನೆಯಾಯಿತು. ಸುಮಾರು ನೂರು ಕಿಲೋಮೀಟರ್ ದೂರದ ಆ ನೀರಿಲ್ಲದೆ ರಾಜಧಾನಿಯ ಗಾಜಿನ ಕಟ್ಟಡಗಳು ಒಂದು ದಿನವೂ ನಡೆಯಲಾರವು. ಬರಗಾಲದ ವರ್ಷದಲ್ಲಿ ಬೆಳೆಗೆ ಬಿಡುವ ನೀರನ್ನು ತಡೆದು ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಡುವುದು ಧರ್ಮವೇ. ಮಂಡ್ಯದ ರೈತ ಅದನ್ನು ಬಲ್ಲ. ಆದರೆ ಆ ತ್ಯಾಗ ಯಾವ ಕಂಪನಿಯ ಸಿಎಸ್‌ಆರ್ ಲೆಕ್ಕದಲ್ಲೂ ಋಣವಾಗಿ ದಾಖಲಾಗುವುದಿಲ್ಲ. ‘ಸ್ಥಳೀಯ’ ಎಂಬ ಗಡಿ ನೀರು ಕುಡಿಯುವ ಜಾಗದಲ್ಲಿ ನಿಲ್ಲುತ್ತದೆ, ನೀರು ಬರುವ ಜಾಗವನ್ನು ಮುಟ್ಟುವುದಿಲ್ಲ.

ಲೂಕನ ಹತ್ತನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರಿ ಕೇಳುವ ಪ್ರಶ್ನೆಯೂ ಗಡಿಯ ಪ್ರಶ್ನೆಯೇ: ನೆರೆಯವನು ಯಾರು? ಎಲ್ಲಿಯವರೆಗೆ ನನ್ನ ಹೊಣೆ? ಯೇಸುಸ್ವಾಮಿ ಗಡಿ ಎಳೆದು ಉತ್ತರಿಸಲಿಲ್ಲ. ದಾರಿಯಲ್ಲಿ ಬಿದ್ದವನ ಕಡೆಯಿಂದ ನೋಡುವಂತೆ ಪ್ರಶ್ನೆಯನ್ನೇ ತಿರುಗಿಸಿದರು. ಸುಸ್ಥಿರ ಅಭಿವೃದ್ಧಿಯ ದೃಷ್ಟಿಯಿಂದ ಕಂಪನಿಯ ನೆರೆಯವನು ಯಾರೆಂದರೆ ಅದರ ಬಳಕೆಯ ಭಾರವನ್ನು ಹೊತ್ತವನು, ಅವನು ಎಷ್ಟೇ ದೂರದಲ್ಲಿದ್ದರೂ.

ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ

ಜಗದ್ಗುರು ಫ್ರಾನ್ಸಿಸ್‌ರವರು ೨೦೧೫ರ ‘ಲೌದಾತೊ ಸಿ’ ವಿಶ್ವಪತ್ರದ ೧೯೪ನೆಯ ಪರಿಚ್ಛೇದದಲ್ಲಿ ಇದೇ ವಿಷಯವನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಸುಸ್ಥಿರ ಬೆಳವಣಿಗೆಯ ಮಾತು ಅನೇಕ ವೇಳೆ ಗಮನವನ್ನು ಬೇರೆಡೆಗೆ ಸೆಳೆಯುವ ನೆಪವಾಗುತ್ತದೆ, ಉದ್ಯಮಗಳ ಸಾಮಾಜಿಕ ಹೊಣೆ ಪ್ರಚಾರ ಮತ್ತು ವರ್ಚಸ್ಸಿನ ಕೆಲಸಕ್ಕೆ ಇಳಿಯುತ್ತದೆ ಎಂಬುದು ಅವರ ಆಕ್ಷೇಪದ ಸಾರ. ಮುಂದಿನ ಪರಿಚ್ಛೇದ ಪರಿಹಾರದ ದಿಕ್ಕನ್ನೂ ತೋರುತ್ತದೆ: ಸಾಮೂಹಿಕ ಸಂಪತ್ತನ್ನು ಬಳಸಿದ ವೆಚ್ಚವನ್ನು ಬಳಸಿದವರೇ ಪಾರದರ್ಶಕವಾಗಿ ಪೂರ್ತಿ ಹೊರಬೇಕು, ಬೇರೆಯವರ ಅಥವಾ ಮುಂದಿನ ತಲೆಮಾರಿನ ತಲೆಗೆ ಕಟ್ಟಬಾರದು. ಈ ತತ್ತ್ವ ಬಂದಿರುವುದು ಜಗದ್ಗುರು ಹದಿನಾರನೆಯ ಬೆನೆಡಿಕ್ಟ್‌ರವರ ೨೦೦೯ರ ‘ಕಾರಿತಾಸ್ ಇನ್ ವೆರಿತಾತೆ’ಯಿಂದ. ಅದರ ೩೭ನೆಯ ಪರಿಚ್ಛೇದ ನಮ್ಮ ವಾದಕ್ಕೆ ಅಡಿಗಲ್ಲು. ನ್ಯಾಯದ ನಿಯಮಗಳನ್ನು ಆರ್ಥಿಕ ಪ್ರಕ್ರಿಯೆ ಮುಗಿದ ಮೇಲೆ ಅನ್ವಯಿಸಿದರೆ ಸಾಲದು, ಮೊದಲಿನಿಂದಲೇ ಪಾಲಿಸಬೇಕೆಂದು ಅದು ಬೋಧಿಸುತ್ತದೆ. ೪೦ನೆಯ ಪರಿಚ್ಛೇದವು ಉದ್ಯಮದ ಹೊಣೆಯ ವ್ಯಾಪ್ತಿಯಲ್ಲಿ ಕಾರ್ಮಿಕರು, ಗ್ರಾಹಕರು, ಸುತ್ತಲ ಸಮುದಾಯ ಇವರೊಡನೆ ಕಚ್ಚಾ ವಸ್ತು ಪೂರೈಸುವವರನ್ನೂ ಸೇರಿಸುತ್ತದೆ. ಕಬ್ಬು ಬೆಳೆಗಾರ ನೇರವಾಗಿ ಬರುವುದು ಈ ಸಾಲಿನಲ್ಲಿ.

ದ್ವಿತೀಯ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯವನ್ನು ಕುರಿತ ೧೯೬೫ರ ಆದೇಶಪತ್ರದ ೮ನೆಯ ಪರಿಚ್ಛೇದದಲ್ಲಿ ಇದನ್ನು ಇನ್ನೂ ಖಚಿತವಾಗಿ ಹೇಳಿದೆ. ಮೊದಲು ನ್ಯಾಯದ ಬೇಡಿಕೆಗಳು ತೀರಬೇಕು; ನ್ಯಾಯವಾಗಿ ಸಲ್ಲಬೇಕಾದುದನ್ನು ಪ್ರೀತಿಯ ಕಾಣಿಕೆಯಂತೆ ಕೊಡಬಾರದು. ಇದಕ್ಕೆ ಪವಿತ್ರಗ್ರಂಥದಲ್ಲಿ ದೃಢವಾದ ಆಧಾರವಿದೆ. ಧರ್ಮೋಪದೇಶಕಾಂಡದ ೨೪ನೆಯ ಅಧ್ಯಾಯ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕೆನ್ನುತ್ತದೆ. ನಮ್ಮ ಕಾನೂನು ೧೪ ದಿನಗಳನ್ನು ಕೊಟ್ಟಿದೆ. ಎರಡರ ಹಿಂದಿನ ತಿಳಿವಳಿಕೆ ಒಂದೇ: ಬಡವನ ಹಣಕ್ಕೆ ಕಾಯುವ ಶಕ್ತಿಯಿಲ್ಲ. ಯಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ ತಡೆಹಿಡಿದ ಕೂಲಿಗೇ ಬಾಯಿ ಬಂದು ದೇವರ ಕಿವಿ ಮುಟ್ಟುತ್ತದೆ. ಈ ಮಾತು ರೈತನಿಗಿಂತ ಹೆಚ್ಚಾಗಿ, ಹೊರ ಜಿಲ್ಲೆಗಳಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವವರಿಗೆ ಸಲ್ಲುತ್ತದೆ. ಮೇಸ್ತ್ರಿಯ ಲೆಕ್ಕದಲ್ಲಿರುವ ಅವರು ಕಂಪನಿಯ ಹಾಜರಿ ಪುಸ್ತಕದಲ್ಲಿಲ್ಲ.

ಮತ್ತಾಯನ ೨೩ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಪುದೀನ, ಜೀರಿಗೆಗಳ ದಶಮಾಂಶವನ್ನು ಲೆಕ್ಕಹಾಕಿ ಕೊಡುತ್ತಲೇ ನ್ಯಾಯ, ದಯೆ, ನಿಷ್ಠೆಗಳನ್ನು ಬಿಟ್ಟವರನ್ನು ಖಂಡಿಸುತ್ತಾರೆ. ದಶಮಾಂಶ ಬೇಡವೆಂದು ಅವರು ಹೇಳಲಿಲ್ಲ. ಇದನ್ನೂ ಮಾಡಬೇಕು, ಅದನ್ನೂ ಬಿಡಬಾರದು ಎಂಬುದೇ ಅಲ್ಲಿಯ ಬೋಧನೆ. ಶೇ. ೨ರ ಲೆಕ್ಕಕ್ಕೂ ಈ ಮಾತು ಅನ್ವಯಿಸುತ್ತದೆ. ಲೂಕನ ೧೯ನೆಯ ಅಧ್ಯಾಯದ ಜಕ್ಕಾಯನಲ್ಲಿ ಎರಡೂ ಕೂಡಿವೆ. ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವುದು ದಾನ. ಮೋಸದಿಂದ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವುದು ನ್ಯಾಯ. ಅವನು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆಮಾಚಲಿಲ್ಲ. ಸಿಎಸ್‌ಆರ್ ವರದಿಗಳಲ್ಲಿ ಮೊದಲನೆಯ ಸಾಲಿಗೆ ಜಾಗವಿದೆ, ಎರಡನೆಯ ಸಾಲಿಗಿಲ್ಲ.

ಎರಡು ಆಕ್ಷೇಪಗಳು

ಕಾರ್ಖಾನೆಯ ಮೇಲೆ ಇಷ್ಟು ಭಾರ ಹೊರಿಸುವುದು ನ್ಯಾಯವೇ ಎಂದು ಕೇಳಬಹುದು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು ಸರ್ಕಾರ ೨೦೧೯ರ ಫೆಬ್ರವರಿಯಲ್ಲಿ ಕೆ.ಜಿ.ಗೆ ೩೧ ರೂಪಾಯಿ ಎಂದು ನಿಗದಿಪಡಿಸಿತು. ಕಬ್ಬಿನ ದರ ಏರುತ್ತ ಹೋದರೂ ಅದು ವರ್ಷಗಟ್ಟಲೆ ಅಲ್ಲಿಯೇ ನಿಂತಿತು. ರಫ್ತಿಗೆ ಅನುಮತಿ, ಎಥೆನಾಲ್ ಬೆಲೆ ಎಲ್ಲವೂ ದೆಹಲಿಯಲ್ಲಿ ತೀರ್ಮಾನವಾಗುತ್ತವೆ. ಆದ್ದರಿಂದ ಬಾಕಿಯ ಪಾಪವನ್ನು ಕಾರ್ಖಾನೆಯೊಂದರ ಮೇಲೆಯೇ ಹೊರಿಸಲಾಗದು ಎಂಬುದು ನಿಜ. ಆದರೆ ಈ ಆಕ್ಷೇಪವು ನಮ್ಮ ವಾದವನ್ನು ಬಲಪಡಿಸುತ್ತದೆ. ಹೊಣೆಯನ್ನು ನಿಜವಾಗಿ ಹುಡುಕಬೇಕಾದದ್ದು ಬೆಲೆ, ನೀರು, ಪಾವತಿ ಇವುಗಳ ವ್ಯವಸ್ಥೆಯಲ್ಲಿ. ಕಡಿಮೆ ಬೆಲೆಯ ಸಕ್ಕರೆಯನ್ನು ಹಕ್ಕೆಂದು ಭಾವಿಸುವ ನಾವೂ ಆ ವ್ಯವಸ್ಥೆಯ ಭಾಗ.

ಕಂಪನಿ ಲಾಭಕ್ಕಾಗಿ ಹುಟ್ಟಿದ್ದು, ಅದರಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ತಪ್ಪು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಕಂಪನಿಗಳ ಕಾಯಿದೆಯೇ ಉತ್ತರಿಸುತ್ತದೆ. ಅದರ ೧೬೬ನೆಯ ಪ್ರಕರಣದ ಎರಡನೆಯ ಉಪಪ್ರಕರಣ, ನಿರ್ದೇಶಕನು ಷೇರುದಾರರ ಜೊತೆಗೆ ನೌಕರರ, ಸಮುದಾಯದ ಹಿತವನ್ನೂ ಪರಿಸರದ ರಕ್ಷಣೆಯನ್ನೂ ಗಮನದಲ್ಲಿಟ್ಟು ನಡೆಯಬೇಕೆನ್ನುತ್ತದೆ. ಇಲ್ಲಿ ಶೇಕಡಾವಾರು ಇಲ್ಲ, ಲಾಭದ ಷರತ್ತಿಲ್ಲ, ಫಲಕವೂ ಇಲ್ಲ. ೧೩೫ನೆಯ ಪ್ರಕರಣಕ್ಕೆ ಸಿಕ್ಕ ಪ್ರಚಾರ ಇದಕ್ಕೆ ಸಿಗದಿರುವುದು ವಿಷಾದದ ಸಂಗತಿ. ಸುಸ್ಥಿರ ಅಭಿವೃದ್ಧಿಗೆ ಹತ್ತಿರವಿರುವುದು ಇದೇ.

ಗುರುವರ್ಗದ ಮುಂದಿರುವ ಕರ್ತವ್ಯ

ಈ ಚರ್ಚೆ ನಮಗೆ ಹೊರಗಿನದಲ್ಲ. ವಿದೇಶಿ ದೇಣಿಗೆಯ ಕಾನೂನಿಗೆ ೨೦೨೦ರಲ್ಲಿ ತಿದ್ದುಪಡಿಯಾಗಿ, ಬಂದ ಹಣವನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವುದು ನಿಷಿದ್ಧವಾಯಿತು; ಆಡಳಿತ ವೆಚ್ಚದ ಮಿತಿ ಶೇ. ೫೦ರಿಂದ ೨೦ಕ್ಕೆ ಇಳಿಯಿತು. ಹೀಗಾಗಿ ಧರ್ಮಸಭೆಯ ಸೇವಾಸಂಸ್ಥೆಗಳು ಸಿಎಸ್‌ಆರ್ ನಿಧಿಯ ಕಡೆ ನೋಡುವುದು ಸಹಜ. ಸ್ವೀಕರಿಸಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಸ್ವೀಕರಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವ ಧೈರ್ಯ ಮತ್ತು ತಿಳಿವಳಿಕೆ ನಮಗಿರಬೇಕು.

ಈ ಕಂಪನಿ ತನ್ನ ಕಾರ್ಮಿಕರಿಗೂ ಪೂರೈಕೆದಾರರಿಗೂ ಸಲ್ಲಬೇಕಾದುದನ್ನು ಸಕಾಲದಲ್ಲಿ ಸಲ್ಲಿಸಿದೆಯೇ? ಅದು ಎಷ್ಟು ನೀರು ಬಳಸುತ್ತದೆ, ತ್ಯಾಜ್ಯವನ್ನು ಏನು ಮಾಡುತ್ತದೆ? ಯೋಜನೆಯ ಅವಧಿ ಮುಗಿದ ಮೇಲೆ ಅದನ್ನು ನಡೆಸುವವರು ಯಾರು? ಹಣ ಪಡೆದ ಮೇಲೂ ಆ ಊರಿನ ಜನರ ಪರವಾಗಿ ಮಾತಾಡುವ ಸ್ವಾತಂತ್ರ್ಯ ನಮಗೆ ಉಳಿಯುತ್ತದೆಯೇ? ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ, ಆ ಹಣ ಎಷ್ಟೇ ದೊಡ್ಡದಾಗಿದ್ದರೂ ಅದರ ಬೆಲೆ ನಮ್ಮ ಪ್ರವಾದನಾ ಸೇವೆಯೇ ಆಗಿರುತ್ತದೆ.

ಇವಕ್ಕೆ ಉತ್ತರ ಹುಡುಕಲು ಸಾರ್ವಜನಿಕ ದಾಖಲೆಗಳಿವೆ. ಷೇರುಪೇಟೆಯಲ್ಲಿರುವ ಮೊದಲ ಸಾವಿರ ಕಂಪನಿಗಳು ನೀರಿನ ಬಳಕೆ, ತ್ಯಾಜ್ಯ, ವೇತನ ಮೊದಲಾದ ವಿವರಗಳ ಸುಸ್ಥಿರತಾ ವರದಿಯನ್ನು ಪ್ರಕಟಿಸುವುದನ್ನು ಸೆಬಿ ಸಂಸ್ಥೆಯು ೨೦೨೨-೨೩ರಿಂದ ಕಡ್ಡಾಯಗೊಳಿಸಿದೆ. ಸಾಮಾಜಿಕ ಬೋಧನೆಯ ತರಗತಿಯಲ್ಲಿ ವಿಶ್ವಪತ್ರಗಳ ಜೊತೆಗೆ ಇಂಥದೊಂದು ವರದಿಯನ್ನು ಓದಿಸುವುದು ಗುರುಮಠಕ್ಕೆ ಕಷ್ಟದ ಕೆಲಸವಲ್ಲ. ಗುರು ಅಭ್ಯರ್ಥಿಯು ಪ್ರವಾದಿ ಆಮೋಸನನ್ನು ಓದಿಯೂ ಒಂದು ಜಮಾಖರ್ಚಿನ ಪಟ್ಟಿಯನ್ನು ಓದಲಾರನಾದರೆ, ಆಮೋಸನು ಖಂಡಿಸಿದ ಸುಳ್ಳು ತಕ್ಕಡಿ ಅವನಿಗೆ ಇಂದಿನ ರೂಪದಲ್ಲಿ ಗುರುತಾಗುವುದಿಲ್ಲ.

ಇದೇ ಪ್ರಶ್ನೆಗಳನ್ನು ನಮ್ಮ ಶಾಲೆ, ಆಸ್ಪತ್ರೆ, ತೋಟಗಳ ಆಡಳಿತಕ್ಕೂ ಕೇಳಬೇಕಾಗುತ್ತದೆ. ನಮ್ಮಲ್ಲಿ ಕೆಲಸಮಾಡುವವರ ವೇತನ ಸಕಾಲಕ್ಕೆ, ನ್ಯಾಯವಾದ ಪ್ರಮಾಣದಲ್ಲಿ ಸಲ್ಲದೆ ನಾವು ನಡೆಸುವ ಧರ್ಮಕಾರ್ಯವೂ ಇದೇ ವಿಮರ್ಶೆಗೆ ಒಳಗಾಗುತ್ತದೆ.

ಬಲಿಪೂಜೆಯಲ್ಲಿ ನಾವು ಅರ್ಪಿಸುವ ರೊಟ್ಟಿಯನ್ನು ಭೂಮಿಯ ಫಲವೆಂದೂ ಮಾನವನ ದುಡಿಮೆಯೆಂದೂ ಒಪ್ಪಿಕೊಳ್ಳುತ್ತೇವೆ. ಭೂಮಿಗೂ ದುಡಿದವನಿಗೂ ಸಲ್ಲಬೇಕಾದುದು ಸಂದಿದೆಯೇ ಎಂಬ ವಿಚಾರಣೆ ಆ ಅರ್ಪಣೆಗೆ ಹೊರತಾದುದಲ್ಲ. ಕಂಪನಿಯ ಹೊಣೆಯನ್ನು ಅಳೆಯುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು; ಶೇ. ೨ರ ಪ್ರಶ್ನೆ ಅದರ ನಂತರದ್ದು.